ಹಾಡುವವರ ಉಸಿರು ಯಾರದು?

ನಮ್ಮ ಕನ್ನಡ ನುಡಿಯಲ್ಲಿ ‘ಉಸಿರು’ ಎಂಬ ಪದಕ್ಕೆ ಎರಡು ಬಾಳುಗಳಿವೆ. ನಾಮಪದವಾಗಿ ಅದು ಶ್ವಾಸ. ಕ್ರಿಯಾಪದವಾಗಿ ಅದು ಮಾತು. ‘ಈ ಗುಟ್ಟನ್ನು ಯಾರಿಗೂ ಉಸುರಬೇಡ’ ಎಂದು ಹಿರಿಯರು ಹೇಳುವಾಗ ಉಸುರುವುದೆಂದರೆ ನುಡಿಯುವುದು. ಮಾತನಾಡದೆ ಕುಳಿತವನನ್ನು ‘ಉಸಿರೆತ್ತಲಿಲ್ಲ’ ಎನ್ನುತ್ತೇವೆ. ಬಾಳಿಗೂ ಮಾತಿಗೂ ಒಂದೇ ಮೂಲವೆಂಬುದನ್ನು ನಮ್ಮ ಪೂರ್ವಜರು ಯಾವ ಶಾಸ್ತ್ರಗ್ರಂಥದ ನೆರವೂ ಇಲ್ಲದೆ ಕಂಡುಕೊಂಡಿದ್ದರು. ಪವಿತ್ರ ಗ್ರಂಥದ ಹೀಬ್ರೂ ಭಾಷೆಯ ‘ರುವಾಹ್’ ಮತ್ತು ಗ್ರೀಕ್ ಭಾಷೆಯ ‘ನ್ಯೂಮಾ’ ಎಂಬ ಪದಗಳೂ ಹೀಗೆಯೇ. ಗಾಳಿ, ಉಸಿರು, ಆತ್ಮ ಈ ಮೂರನ್ನೂ ಅವು ಒಂದೇ ಸದ್ದಿನಲ್ಲಿ ಹಿಡಿದಿಡುತ್ತವೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮಣ್ಣಿನ ಗೊಂಬೆ ಮನುಷ್ಯನಾದದ್ದು ದೇವರು ಅದರ ಮೂಗಿನಲ್ಲಿ ಊದಿದ ಉಸಿರಿನಿಂದ.

ಉಸಿರು ಹಾಗೆ ಕೊಡಲ್ಪಟ್ಟದ್ದಾದರೆ, ಅದನ್ನು ನಾವು ಅಭ್ಯಾಸಕ್ಕೆ ಒಳಪಡಿಸುವುದರ ಅರ್ಥವೇನು? ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ನಿರುಪದ್ರವಿಯಲ್ಲ. ನಮ್ಮ ಧರ್ಮಕೇಂದ್ರಗಳ ಗಾಯನವೃಂದಗಳಲ್ಲಿ ಹಬ್ಬಹರಿದಿನಗಳು ಸಮೀಪಿಸಿದಂತೆ ರಾಗ, ತಾಳ, ಪದಗಳ ಅಭ್ಯಾಸ ಬಿರುಸಾಗುತ್ತದೆ. ಸಂಗೀತ ಬಲ್ಲ ಯಾರಾದರೂ ಬಂದು, ‘ಹಾಡುವ ಮೊದಲು ಹತ್ತು ನಿಮಿಷ ಉಸಿರಾಟದ ಸಾಧನೆ ಮಾಡೋಣ’ ಎಂದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ‘ದೇವರಿಗೆ ಬೇಕಾದದ್ದು ಹೃದಯ, ಶ್ವಾಸಕೋಶವಲ್ಲ’ ಎನ್ನುವುದು ಒಂದು. ‘ಉಸಿರನ್ನು ಗೆದ್ದವನೇ ಗಾಯಕ; ಗೆಲ್ಲಲಾರದವರು ಪಕ್ಕಕ್ಕೆ ಸರಿಯಲಿ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಭಕ್ತಿಯಿದೆ, ಆದರೆ ಸೋಮಾರಿತನವೂ ಅಡಗಿರಬಹುದು. ಎರಡನೆಯದರಲ್ಲಿ ಶ್ರದ್ಧೆಯಿದೆ, ಆದರೆ ಅದರೊಳಗೊಂದು ಕ್ರೌರ್ಯ ಮೊಳೆಯಬಹುದು. ಈ ಎರಡು ಉತ್ತರಗಳ ನಡುವೆ ಹಾದಿ ಹುಡುಕುವುದೇ ಈ ಬರಹದ ಉದ್ದೇಶ.

ಇಚ್ಛೆಗೂ ಪ್ರಕೃತಿಗೂ ನಡುವಿನ ಬಾಗಿಲು

ನಮ್ಮ ದೇಹದಲ್ಲಿ ಉಸಿರಾಟಕ್ಕೆ ಒಂದು ವಿಚಿತ್ರ ಸ್ಥಾನವಿದೆ. ಹೃದಯ ಬಡಿಯುವುದನ್ನು ನಾವು ಅಪ್ಪಣೆ ಕೊಟ್ಟು ನಿಲ್ಲಿಸಲಾರೆವು. ಕೈಕಾಲುಗಳಾದರೋ ನಾವು ಅಪ್ಪಣೆ ಕೊಟ್ಟಾಗ ಮಾತ್ರ ನಡೆಯುತ್ತವೆ. ಉಸಿರಾಟ ಎರಡೂ ಕಡೆಗೆ ಸೇರಿದ್ದು. ನಿದ್ರೆಯಲ್ಲಿ, ಮರೆವಿನಲ್ಲಿ, ಮೂರ್ಛೆಯಲ್ಲಿಯೂ ಅದು ತಾನಾಗಿ ನಡೆಯುತ್ತದೆ. ಎಚ್ಚರದಲ್ಲಿ ನಾವು ಬಯಸಿದರೆ ಅದನ್ನು ಹಿಡಿಯಬಹುದು, ಹಿಗ್ಗಿಸಬಹುದು, ತಡೆಯಬಹುದು. ಆದರೆ ಅದೂ ಒಂದು ಮಿತಿಯವರೆಗೆ. ಆ ಮಿತಿ ಮೀರಿದೊಡನೆ ದೇಹವೇ ನಮ್ಮ ಕೈಯಿಂದ ಕಡಿವಾಣ ಕಿತ್ತುಕೊಂಡು ಉಸಿರೆಳೆಯುತ್ತದೆ. ಮನುಷ್ಯ ತನ್ನ ಜೀವದ ಮೂಲವನ್ನು ಕೈಯಿಂದ ಮುಟ್ಟಬಹುದಾದ, ಆದರೆ ಒಡೆತನ ಸ್ಥಾಪಿಸಲಾಗದ ಒಂದು ಬಾಗಿಲು ಅದು.

ಲೆಕ್ಕದಲ್ಲಿ ನೋಡಿದರೂ ಇದು ಸ್ಪಷ್ಟ. ವಿಶ್ರಾಂತಿಯಲ್ಲಿರುವ ಪ್ರೌಢ ವ್ಯಕ್ತಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಪ್ರತಿ ಸಲ ಒಳಹೋಗುವುದು ಸುಮಾರು ಅರ್ಧ ಲೀಟರ್ ಗಾಳಿ. ಆಳವಾಗಿ ಎಳೆದುಕೊಂಡು ಪೂರ್ತಿಯಾಗಿ ಹೊರಬಿಟ್ಟರೆ, ಅವರವರ ಮೈಕಟ್ಟು ಮತ್ತು ವಯಸ್ಸಿಗೆ ತಕ್ಕಂತೆ 3ರಿಂದ 5 ಲೀಟರಿನವರೆಗೆ ಗಾಳಿ ಓಡಾಡಬಹುದು. ಗಾಯಕರು ದುಡಿಯುವುದು ಈ ಸಂಪತ್ತಿನ ಮೇಲೆ. ಆದರೆ ಎಷ್ಟೇ ಬಲವಾಗಿ ಊದಿದರೂ ಹೊರಗೆ ಬಾರದ ಗಾಳಿ ಶ್ವಾಸಕೋಶದಲ್ಲಿ ಉಳಿದೇ ಉಳಿಯುತ್ತದೆ. ಅದು ಒಂದು ಲೀಟರಿಗಿಂತ ತುಸು ಹೆಚ್ಚು. ಯಾವ ಸಾಧನೆಯಿಂದಲೂ ಅದನ್ನು ಖರ್ಚು ಮಾಡಲಾಗದು. ಶ್ವಾಸಕೋಶ ಕುಸಿದುಬೀಳದಂತೆ ಅದು ಒಳಗಿದ್ದು ಕಾಯುತ್ತದೆ. ಎಷ್ಟೇ ದೊಡ್ಡ ವಿದ್ವಾಂಸನಾದರೂ ತನ್ನೊಳಗಿರುವ ಉಸಿರೆಲ್ಲವನ್ನೂ ತಾನೇ ಹಾಡಿ ಮುಗಿಸಲಾರನೆಂಬ ಈ ಸಂಗತಿ ನಮ್ಮ ಪ್ರಶ್ನೆಗೆ ಮೊದಲನೆಯ ಸುಳಿವು. ನಮ್ಮದೆಂದು ನಾವು ತಿಳಿದಿರುವ ಉಸಿರಿನ ತಳದಲ್ಲಿಯೇ ನಮ್ಮ ಕೈಗೆ ಸಿಗದ ಒಂದು ಪಾಲಿದೆ.

ಹೃದಯವಿದ್ದರೆ ಸಾಲದೇ?

ಮೊದಲ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂಗೀತದ ಕುಶಲತೆ ಭಕ್ತಿಗೆ ಅಡ್ಡಿಯಾದೀತೆಂಬ ಆತಂಕ ಹಳೆಯದು, ಗೌರವಕ್ಕೆ ಅರ್ಹವಾದದ್ದು. ಸಂತ ಅಗಸ್ಟೀನರು ತಮ್ಮ ‘ಕನ್ಫೆಶನ್ಸ್’ ಗ್ರಂಥದ ಹತ್ತನೆಯ ಭಾಗದಲ್ಲಿ ಇದೇ ಸಂಕಟವನ್ನು ತೋಡಿಕೊಂಡಿದ್ದಾರೆ. ಹಾಡಿನ ವಸ್ತುವಿಗಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅವರಿಗೆ ತಾವು ತಪ್ಪು ಮಾಡಿದಂತೆ ಅನಿಸುತ್ತಿತ್ತು. ಅಲೆಗ್ಸಾಂಡ್ರಿಯದ ಸಂತ ಅಥನೇಸಿಯುಸರು ಕೀರ್ತನೆಗಳನ್ನು ಮಾತಿಗೆ ಹತ್ತಿರವಾಗುವಷ್ಟು ಕಡಿಮೆ ಏರಿಳಿತದಲ್ಲಿ ಓದಿಸುತ್ತಿದ್ದುದನ್ನು ನೆನೆದು, ಅದೇ ಕ್ಷೇಮವೇನೋ ಎಂದೂ ಅವರು ಯೋಚಿಸುತ್ತಾರೆ. ಆದರೂ ತಾವು ವಿಶ್ವಾಸಕ್ಕೆ ಮರಳಿದ ದಿನಗಳಲ್ಲಿ ದೇವಾಲಯದ ಹಾಡುಗಳು ತಮ್ಮ ಕಣ್ಣೀರು ಹರಿಸಿದ್ದನ್ನು ಮರೆಯಲಾರದೆ, ಹಾಡುವ ಪದ್ಧತಿ ಉಳಿಯಲೆಂಬ ಕಡೆಗೇ ವಾಲುತ್ತಾರೆ. ಆ ಮಹಾಮತಿಯು ಪ್ರಶ್ನೆಯನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ತನ್ನ ಹಾಡಿನ ಇಂಪಿನಲ್ಲಿ ತಾನೇ ಮೈಮರೆಯುವ ಅಪಾಯ ಪ್ರತಿಯೊಬ್ಬ ಗಾಯಕನಿಗೂ ಇದ್ದೇ ಇದೆ.

ಆದರೆ ಉಸಿರಿನ ಸಾಧನೆ ಬರಿಯ ಇಂಪಿಗಾಗಿ ಅಲ್ಲ ಎಂಬುದನ್ನು ಕನ್ನಡದಲ್ಲಿ ಹಾಡುವವರು ವಿಶೇಷವಾಗಿ ಅರಿಯಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬ ನಿರ್ಣಯ ಆ ಕೊನೆಯ ಪದದ ತುದಿಯಲ್ಲಿ ಕುಳಿತಿರುತ್ತದೆ. ‘ನಿನ್ನ ನಾ ಮರೆಯೆನು’ ಎಂದರೆ ಎಂದಿಗೂ ಮರೆಯುವುದಿಲ್ಲವೆಂಬ ವಾಗ್ದಾನ. ‘ನಿನ್ನ ನಾ ಮರೆವೆನು’ ಎಂದರೆ ಅದರ ತದ್ವಿರುದ್ಧ. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ಅಕ್ಷರದ ಅಂತರ. ಸಾಲಿನ ಆರಂಭದಲ್ಲಿಯೇ ಉಸಿರೆಲ್ಲವನ್ನೂ ಸುರಿದುಬಿಟ್ಟ ಗಾಯಕ ಕೊನೆಗೆ ತಲುಪುವಷ್ಟರಲ್ಲಿ ಬರಿಗೈಯಾಗಿರುತ್ತಾನೆ. ಆಗ ಆ ಅಕ್ಷರ ತುಟಿಯಲ್ಲೇ ಕರಗಿಹೋಗುತ್ತದೆ. ‘ಕೈಬಿಡುವುದಿಲ್ಲ’ ಎಂಬ ಪದವನ್ನು ‘ಕೈಬಿಡುವು’ ಎಂಬಲ್ಲಿ ಕತ್ತರಿಸಿ ಉಸಿರೆಳೆದರೆ, ನೋವಿನಿಂದ ಕಿವಿಗೊಟ್ಟು ಕುಳಿತವರೊಬ್ಬರಿಗೆ ಆ ಕ್ಷಣ ಕೇಳಿಸುವುದು ಏನು? ಗಾಯಕನ ಹೃದಯದಲ್ಲಿ ವಾಗ್ದಾನವಿದೆ, ನಿಜ. ಕೇಳುಗರ ಕಿವಿಗೆ ಅದು ತಲುಪಿಲ್ಲ.

ಆದ್ದರಿಂದ ಉಸಿರಿನ ಅಭ್ಯಾಸ ಸತ್ಯಕ್ಕೆ ಸಂಬಂಧಿಸಿದ ವಿಷಯ. ಹೇಳಬೇಕಾದುದನ್ನು ಕೊನೆಯ ಅಕ್ಷರದವರೆಗೆ ಹೇಳಿ ಮುಗಿಸುವಷ್ಟು ಉಸಿರನ್ನು ಕಾಯ್ದಿಟ್ಟುಕೊಳ್ಳುವುದು ಮಾತಿಗೂ ಕೇಳುಗರಿಗೂ ನಾವು ತೋರುವ ಮರ್ಯಾದೆ. ಮನೆಗೆ ಬಂದ ಅತಿಥಿಗೆ ‘ನನ್ನ ಪ್ರೀತಿಯೇ ಸಾಕು’ ಎಂದು ಹೇಳಿ ಊಟವಿಕ್ಕದೆ ಕಳುಹಿಸುವವರುಂಟೇ? ಪ್ರೀತಿಯಿದ್ದಲ್ಲಿ ಅಡುಗೆಮನೆಯಲ್ಲಿ ಶ್ರಮವೂ ಇರುತ್ತದೆ. ಹೃದಯ ಸಾಕೆಂಬ ಮಾತು, ಆ ಹೃದಯ ದುಡಿಯಲು ಸಿದ್ಧವಿರುವಾಗ ಮಾತ್ರ ನಿಜವಾಗುತ್ತದೆ.

ತುಂಬಿಕೊಳ್ಳುವುದಲ್ಲ, ಬಿಟ್ಟುಕೊಡುವುದು

ಹಾಗಾದರೆ ಆ ದುಡಿಮೆಯ ಸ್ವರೂಪವೇನು? ಅದನ್ನು ಹತ್ತಿರದಿಂದ ನೋಡಿದಾಗ, ಉಸಿರನ್ನು ‘ಗೆಲ್ಲುವ’ ಮಾತೇ ಎಷ್ಟು ಅಸಂಗತವೆಂದು ತಿಳಿಯುತ್ತದೆ.

ಹೊಸದಾಗಿ ಹಾಡಲು ಕಲಿಯುವವರು ಮಾಡುವ ಮೊದಲ ತಪ್ಪು ಎಂದರೆ ಭುಜಗಳನ್ನು ಮೇಲೆತ್ತಿ, ಎದೆ ಬಿಗಿದು, ಸಾಧ್ಯವಾದಷ್ಟು ಗಾಳಿಯನ್ನು ಒಳಗೆ ತುಂಬಿಕೊಳ್ಳುವುದು. ಹೀಗೆ ಕಿಕ್ಕಿರಿದು ತುಂಬಿದ ಗಾಳಿ ಗಂಟಲನ್ನು ಒತ್ತುತ್ತದೆ. ಮೊದಲ ಸ್ವರದಲ್ಲೇ ಅದು ನುಗ್ಗಿ ಹೊರಬೀಳುತ್ತದೆ. ಅನುಭವಿ ಗುರುಗಳು ಪಾಠವನ್ನು ಹಿಂದುಮುಂದಾಗಿ ಆರಂಭಿಸುತ್ತಾರೆ: ಮೊದಲು ಬಿಡು, ಆಮೇಲೆ ತೆಗೆದುಕೊ. ‘ಸ್’ ಎಂಬ ಸದ್ದಿನೊಡನೆ ಉಸಿರನ್ನು ನಿಧಾನವಾಗಿ, ಏರುಪೇರಿಲ್ಲದೆ ಹೊರಬಿಡುತ್ತ ಬರಬೇಕು. ಸಾಕೆನಿಸಿದಾಗ ಹೊಟ್ಟೆಯ ಬಿಗಿ ಸಡಿಲಿಸಿದರೆ ಗಾಳಿ ತಾನಾಗಿ ಒಳಬರುತ್ತದೆ. ಅದನ್ನು ಎಳೆದುಕೊಳ್ಳಬೇಕಾಗಿಯೇ ಇಲ್ಲ. ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೊಂದು ಪುಸ್ತಕವಿಟ್ಟು, ಅದು ಮೆಲ್ಲನೆ ಏರುವುದನ್ನೂ ಇಳಿಯುವುದನ್ನೂ ಗಮನಿಸುವುದು ಇನ್ನೊಂದು ಸರಳ ಅಭ್ಯಾಸ. ಗಾಳಿ ಹೊಟ್ಟೆಗೆ ಹೋಗುವುದಿಲ್ಲ. ಎದೆ ಮತ್ತು ಹೊಟ್ಟೆಗಳ ನಡುವಿನ ವಪೆ ಕೆಳಗಿಳಿದಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಅಷ್ಟೇ. ತುಟಿಗಳನ್ನು ಸಡಿಲವಾಗಿ ಕೂಡಿಸಿ, ಮಕ್ಕಳು ಬಸ್ಸಿನ ಸದ್ದು ಮಾಡಿ ಆಡುವಂತೆ ‘ಬುರ್ರ್’ ಎಂದು ಅದುರಿಸುತ್ತ ಸ್ವರ ಹಿಡಿಯುವುದು ಮತ್ತೊಂದು. ಬಿಗಿಯಾದರೆ ತುಟಿ ನಿಲ್ಲುತ್ತದೆ, ಉಸಿರು ಕಡಿಮೆಯಾದರೂ ನಿಲ್ಲುತ್ತದೆ. ಬೈಯದೆ ತಿದ್ದುವ ಗುರು ಅದು.

ಇಟಲಿಯ ಹಳೆಯ ಗಾಯನ ಪರಂಪರೆಯಲ್ಲಿ ಈ ವಿದ್ಯೆಗೆ ‘ಅಪ್ಪೋಜ್ಜೋ’ ಎಂಬ ಹೆಸರಿದೆ. ಒರಗುವುದು, ಆಸರೆ ಪಡೆಯುವುದು ಎಂದು ಅದರ ಅರ್ಥ. 19ನೆಯ ಶತಮಾನದ ಪ್ರಸಿದ್ಧ ಶಿಕ್ಷಕ ಫ್ರಾಂಚೆಸ್ಕೊ ಲಾಂಪೆರ್ತಿ ಇದನ್ನು ಎರಡು ಬಲಗಳ ಸೆಣಸಾಟವೆಂದು ವಿವರಿಸಿದ. ಒಳಗೆಳೆಯುವ ಸ್ನಾಯುಗಳು ಬಿಟ್ಟುಕೊಡಲು ಒಲ್ಲವು, ಹೊರತಳ್ಳುವ ಸ್ನಾಯುಗಳು ಕಾಯಲು ಒಲ್ಲವು. ಎರಡೂ ಒಂದನ್ನೊಂದು ಸಹಿಸಿಕೊಂಡಾಗ ಮಾತ್ರ ದನಿ ನಿಲ್ಲುತ್ತದೆ. ಒಂದೇ ಸ್ವರವನ್ನು ಮೆಲ್ಲಗೆ ಆರಂಭಿಸಿ, ಹಿಗ್ಗಿಸಿ, ಮತ್ತೆ ಮೆಲ್ಲಗಾಗಿಸುವ ‘ಮೆಸ್ಸಾ ದಿ ವೋಚೆ’ ಆ ಪರಂಪರೆಯ ಕಠಿಣ ಪರೀಕ್ಷೆ. ಅದರಲ್ಲಿ ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ನಮ್ಮ ಧಾರವಾಡ, ಹುಬ್ಬಳ್ಳಿ ಸೀಮೆಯ ಹಿಂದುಸ್ತಾನಿ ಗಾಯಕರಿಗೆ ಪರಿಚಿತವಾದ ಖರಜ ಸಾಧನೆಯೂ ಇದೇ ಗುಣದ್ದು. ನಸುಕಿನಲ್ಲಿ ಎದ್ದು ಮಂದ್ರದ ಷಡ್ಜವನ್ನು ಒಂದೊಂದು ಉಸಿರಿಗೂ ದೀರ್ಘವಾಗಿ ಹಿಡಿಯುತ್ತ ಕೂರುವಾಗ ಕೇಳಿ ತಲೆದೂಗುವವರು ಯಾರೂ ಇರುವುದಿಲ್ಲ. ಕರ್ನಾಟಕ ಸಂಗೀತದ ಅಕಾರ ಸಾಧನೆಯೂ ಹಾಗೆಯೇ.

ಈ ಸಾಧನೆಗಳೆಲ್ಲ ನಮಗೆ ಕಲಿಸುವ ನೀತಿ ಒಂದೇ. ಹೆಚ್ಚು ಹಿಡಿದುಕೊಂಡವನಲ್ಲ, ಹದವಾಗಿ ಬಿಟ್ಟುಕೊಟ್ಟವನು ಹಾಡುತ್ತಾನೆ. ಬೇಕಾದಷ್ಟನ್ನೇ ತೆಗೆದುಕೊಂಡು, ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಕೊಟ್ಟು, ಮತ್ತೆ ಸಿಗುವುದೆಂಬ ಭರವಸೆಯಿಂದ ಖಾಲಿಯಾಗುವುದನ್ನು ಅದು ದಿನವೂ ಕಲಿಸುತ್ತದೆ. ಇದನ್ನು ಗೆಲುವೆಂದು ಕರೆಯುವವರು ಕರೆಯಲಿ. ನನಗೆ ಇದು ವಿಧೇಯತೆಯ ಇನ್ನೊಂದು ಹೆಸರಾಗಿಯೇ ಕಾಣುತ್ತದೆ.

ಪ್ರಾಣಾಯಾಮದ ಪ್ರಶ್ನೆ

ಇಲ್ಲಿ ಕೆಲವು ಓದುಗರಿಗೆ ಒಂದು ಅನುಮಾನ ಬರಬಹುದು. ಉಸಿರಿನ ಸಾಧನೆಯೆಂದೊಡನೆ ಪ್ರಾಣಾಯಾಮ ನೆನಪಾಗುತ್ತದೆ. ಕ್ರೈಸ್ತ ಗಾಯನವೃಂದವೊಂದು ಅದನ್ನು ಮಾಡಬಹುದೇ? ಉಸಿರು ಯಾವ ಮತಕ್ಕೂ ಸೇರಿದ್ದಲ್ಲ. ಅದನ್ನು ನಿಧಾನಗೊಳಿಸುವುದರಲ್ಲಿ ದೋಷವೇನೂ ಇಲ್ಲ. ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಹೇಳಿಕೊಡುವ ಪ್ರಾರ್ಥನೆಯ ಮೂರನೆಯ ವಿಧಾನವೇ ಉಸಿರಿನ ಲಯಕ್ಕೆ ಅನುಗುಣವಾದದ್ದು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಪ್ರಭುವಿನ ಪ್ರಾರ್ಥನೆಯ ಒಂದೊಂದೇ ಪದವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಪೂರ್ವದ ಧರ್ಮಸಭೆಗಳ ಸನ್ಯಾಸಿಗಳೂ ಯೇಸುನಾಮದ ಜಪವನ್ನು ಉಸಿರಿನೊಡನೆ ಹೆಣೆದರು.

ಎಚ್ಚರ ಬೇಕಾದದ್ದು ಬೇರೆಡೆ. ಧರ್ಮಸಭೆಯ ವಿಶ್ವಾಸ ಸಿದ್ಧಾಂತದ ಪರಿಷತ್ತು 1989ರ ಅಕ್ಟೋಬರ್ 15ರಂದು ಕ್ರೈಸ್ತ ಧ್ಯಾನದ ಕುರಿತು ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದೆ. ಕೆಲವು ದೈಹಿಕ ಅಭ್ಯಾಸಗಳು ತಾವಾಗಿಯೇ ನೆಮ್ಮದಿ, ಹಗುರತನ, ಹಿತವಾದ ಭಾವಗಳನ್ನು ಉಂಟುಮಾಡುತ್ತವೆ. ಅವನ್ನೇ ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸುವುದು ತಪ್ಪು. ಗಾಯಕರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಅರ್ಧ ಗಂಟೆ ಆಳವಾಗಿ ಉಸಿರಾಡಿ ಹಾಡಿದ ಮೇಲೆ ಮೈ ಹಗುರಾಗುತ್ತದೆ, ಮನಸ್ಸು ಅರಳುತ್ತದೆ. ಅದು ಒಳ್ಳೆಯದೇ. ಆದರೆ ಆ ಸುಖವೇ ಪವಿತ್ರತೆಯಲ್ಲ. ಹಾಡಿ ಇಳಿದು ಬಂದ ಮೇಲೆ ಪಕ್ಕದವರೊಡನೆ ನಾವು ಹೇಗೆ ಮಾತನಾಡುತ್ತೇವೆ ಎಂಬುದೇ ಅದರ ಒರೆಗಲ್ಲು. ಇನ್ನು ಬರಿಯ ಗಾಯನದ ದೃಷ್ಟಿಯಿಂದ ಹೇಳುವುದಾದರೆ, ಹಾಡಿಗೆ ಬೇಕಾದದ್ದು ಉಸಿರನ್ನು ಕಟ್ಟಿಹಿಡಿಯುವ ಶಕ್ತಿಯಲ್ಲ, ಹರಿಯಬಿಡುವ ಹದ. ಹೃದ್ರೋಗ, ರಕ್ತದೊತ್ತಡ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಉಸಿರು ಬಿಗಿಹಿಡಿಯುವ ಸಾಹಸಕ್ಕೆ ಇಳಿಯಬಾರದು.

ಕಸಿದುಕೊಂಡ ಉಸಿರು

ಈಗ ಎರಡನೆಯ ಉತ್ತರಕ್ಕೆ ಬರೋಣ. ಉಸಿರನ್ನು ಗೆಲ್ಲಬೇಕೆಂಬ ಹಟ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಒಂದು ಕಹಿಯಾದ ಉದಾಹರಣೆಯಿದೆ. ಅದು ನಮ್ಮದೇ ಮನೆಯ ಕಥೆ. ಆದ್ದರಿಂದ ಮುಚ್ಚಿಡದೆ ಹೇಳಬೇಕು.

ದೇವಾಲಯದ ಗಾಯನದಲ್ಲಿ ಮಹಿಳೆಯರಿಗೆ ಅವಕಾಶವಿಲ್ಲದಿದ್ದ ಕಾಲದಲ್ಲಿ ಇಟಲಿಯಲ್ಲಿ ತಾರಸ್ಥಾಯಿಯ ಭಾಗಗಳನ್ನು ಹಾಡಲು ಒಂದು ಭೀಕರ ಉಪಾಯ ಬಳಕೆಗೆ ಬಂತು. ದನಿ ಒಡೆಯುವ ಮುನ್ನವೇ ಬಾಲಕರ ಬೀಜಗಳನ್ನು ಒಡೆದು ಅಥವಾ ಕತ್ತರಿಸಿ, ಅವರ ಕಂಠ ಗಂಡಸಿನದಾಗದಂತೆ ತಡೆಯುತ್ತಿದ್ದರು. ಇವರನ್ನು ‘ಕಾಸ್ತ್ರಾತಿ’ ಎನ್ನುತ್ತಾರೆ. 16ನೆಯ ಶತಮಾನದ ಅಂತ್ಯದ ವೇಳೆಗೆ ಪೋಪರ ಪ್ರಾರ್ಥನಾಲಯದ ಗಾಯನವೃಂದಕ್ಕೂ ಅವರು ಬಂದಿದ್ದರು. ಹರೆಯದ ರಸಗಳಿಲ್ಲದೆ ಅವರ ಎಲುಬುಗಳು ಬೆಳೆಯುವುದನ್ನು ತಡವಾಗಿ ನಿಲ್ಲಿಸುತ್ತಿದ್ದವು. ಹೀಗಾಗಿ ಪಕ್ಕೆಲುಬಿನ ಗೂಡು ಹಿರಿದಾಗಿ, ಕಂಠ ಮಾತ್ರ ಎಳೆಯದಾಗಿ ಉಳಿಯುತ್ತಿತ್ತು. ಬಾಲಕನ ಗಂಟಲಿಗೆ ದೈತ್ಯನ ಉಸಿರು. ವರ್ಷಗಟ್ಟಲೆ ಕಠೋರ ಸಾಧನೆಯೂ ಅದಕ್ಕೆ ಸೇರಿದಾಗ ಹುಟ್ಟಿದ ಗಾಯನ ಯುರೋಪನ್ನೇ ಬೆರಗುಗೊಳಿಸಿತು. ಅವರಲ್ಲಿ ಅತ್ಯಂತ ಪ್ರಸಿದ್ಧನಾದ ಫಾರಿನೆಲ್ಲಿ (1705–1782) ಎಳೆಯ ಪ್ರಾಯದಲ್ಲಿಯೇ ರೋಮಿನಲ್ಲಿ ಕಹಳೆ ಊದುವವನೊಡನೆ ಉಸಿರಿನ ಪಂದ್ಯಕ್ಕೆ ನಿಂತು ಗೆದ್ದ ಪ್ರಸಂಗವನ್ನು ಚಾರ್ಲ್ಸ್ ಬರ್ನಿ ಎಂಬ ಸಂಗೀತ ಇತಿಹಾಸಕಾರ ದಾಖಲಿಸಿದ್ದಾನೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಅಂಗಚ್ಛೇದವನ್ನು ಧರ್ಮಸಭೆಯ ನಿಯಮ ಎಂದೂ ಒಪ್ಪಿರಲಿಲ್ಲ. ಬಡ ಕುಟುಂಬಗಳು ಅಪಘಾತದ, ಕಾಯಿಲೆಯ ನೆಪ ಹೇಳುತ್ತಿದ್ದವು. ಕೇಳುವವರು ಕೇಳದವರಂತೆ ಇರುತ್ತಿದ್ದರು. ಕೃತ್ಯವನ್ನು ನಿಷೇಧಿಸಿ, ಅದರ ಫಲವನ್ನು ಮಾತ್ರ ದೇವರ ಮಹಿಮೆಗೆಂದು ಸ್ವೀಕರಿಸುವ ಈ ಇಬ್ಬಂದಿತನ ಮೂರು ಶತಮಾನ ನಡೆಯಿತು. ಖ್ಯಾತಿ ಪಡೆದವರು ಬೆರಳೆಣಿಕೆಯಷ್ಟು. ದನಿಯೂ ಒಲಿಯದೆ, ಸಂಸಾರವೂ ಇಲ್ಲದೆ ಹೆಸರಿಲ್ಲದೆ ಹೋದವರು ಅನೇಕರು. ಪೋಪ್ ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನ ಹೊರಡಿಸಿದ ಆಜ್ಞೆಯಲ್ಲಿ, ತಾರದ ಭಾಗಗಳನ್ನು ಬಾಲಕರೇ ಹಾಡಬೇಕೆಂದು ವಿಧಿಸಿದರು. ಸಿಸ್ಟೀನ್ ಗಾಯನವೃಂದದ ಅಲೆಸ್ಸಾಂದ್ರೊ ಮೊರೆಸ್ಕಿ 1922ರಲ್ಲಿ ತೀರಿಕೊಂಡ. 1902 ಮತ್ತು 1904ರಲ್ಲಿ ಮುದ್ರಿಸಿಕೊಂಡ ಆತನ ಹಾಡುಗಳು ಇಂದಿಗೂ ಕೇಳಸಿಗುತ್ತವೆ. ಅದನ್ನು ಆಲಿಸಿದವರಿಗೆ ಮೊದಲು ಮುಟ್ಟುವುದು ಇಂಪಲ್ಲ, ಒಂದು ಬಗೆಯ ಅಳು.

ಇದರಿಂದ ನಾವು ಪಡೆಯಬೇಕಾದ ತತ್ವವಿದು: ಸಾಧನೆಯೆಂಬುದು ಮನುಷ್ಯ ತನ್ನ ಸ್ವಾತಂತ್ರ್ಯದಲ್ಲಿ ತನ್ನ ಮೇಲೆ ತಾನೇ ಹೊತ್ತುಕೊಳ್ಳುವ ಭಾರ. ಇನ್ನೊಬ್ಬರ ಮೇಲೆ ಹೊರಿಸಿದೊಡನೆ ಅದು ಸಾಧನೆಯಾಗಿ ಉಳಿಯುವುದಿಲ್ಲ. ದೇವರ ಹೆಸರು ಹೇಳಿ ಹೊರಿಸಿದರಂತೂ ಅಪರಾಧ ಇಮ್ಮಡಿ. ಆ ಕತ್ತಿ ಇಂದು ಇಲ್ಲ, ನಿಜ. ಆದರೆ ದೂರದರ್ಶನದ ಸ್ಪರ್ಧೆಗಾಗಿ ಎಂಟು ಹತ್ತು ವರ್ಷದ ಮಗುವನ್ನು ತಾಸುಗಟ್ಟಲೆ ದೊಡ್ಡವರ ಶ್ರುತಿಯಲ್ಲಿ ಕಿರುಚಿಸುವ ತಂದೆತಾಯಿಗಳಿದ್ದಾರೆ. ದನಿ ಒಡೆಯುತ್ತಿರುವ ಹುಡುಗನನ್ನು ವಿಶ್ರಾಂತಿಗೆ ಬಿಡದೆ ಹಬ್ಬದ ಹಾಡಿಗೆ ನಿಲ್ಲಿಸುವ ಹಿರಿಯರೂ ಇದ್ದಾರೆ. ಮಗುವಿನ ಉಸಿರಿನಲ್ಲಿ ತಮ್ಮ ಹೆಸರನ್ನು ಹಾಡಿಸುವ ಆಸೆ ಸತ್ತಿಲ್ಲ.

ಇದಕ್ಕೆ ಎದುರಾಗಿ ನಮ್ಮದೇ ನೆಲದ ಇನ್ನೊಂದು ಬಾಳನ್ನು ಇಟ್ಟು ನೋಡಬಹುದು. ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತವರು. ಗಂಟಲಿನ ಚಿಕಿತ್ಸೆಯ ನಂತರ ಅವರ ಎಳೆಯ ಹೆಣ್ಣುದನಿ ಮರಳಿ ಬರಲಿಲ್ಲ. ಗಂಡುದನಿಯೆಂದು ಜನ ಬೆರಗಾಗುವಷ್ಟು ಅದು ಗಡುಸಾಯಿತು. ಹೋದ ದನಿಗೆ ಅಳುತ್ತ ಕೂರದೆ, ಬಂದ ದನಿಯಲ್ಲಿ ರಾಗವನ್ನು ನಿಧಾನವಾಗಿ, ಗಂಭೀರವಾಗಿ ಬಿಡಿಸುವ ತಮ್ಮದೇ ಮಾರ್ಗ ಕಂಡುಕೊಂಡು, ಇಳಿವಯಸ್ಸಿನವರೆಗೂ ಅವರು ಹಾಡಿದರು. ಅಲ್ಲಿ ಹಾಡಿಗಾಗಿ ದೇಹವನ್ನು ಕತ್ತರಿಸಿದರು. ಇಲ್ಲಿ ದೊರೆತ ದೇಹಕ್ಕೆ ಹಾಡು ತಲೆಬಾಗಿತು. ಇಬ್ಬರೂ ಸಾಧಕರೇ. ಆದರೆ ಒಂದರ ಬುಡದಲ್ಲಿ ಹಿಂಸೆಯಿದೆ, ಇನ್ನೊಂದರ ಬುಡದಲ್ಲಿ ಸಮ್ಮತಿಯಿದೆ.

ಸರದಿಯ ಉಸಿರು

ಇನ್ನು ನಮ್ಮ ಗಾಯನವೃಂದಗಳ ದಿನನಿತ್ಯದ ಕಷ್ಟಕ್ಕೆ ಬರೋಣ. ನಲವತ್ತು ವರ್ಷ ಹಾಡಿದ ತಾಯಿಯೊಬ್ಬರಿಗೆ ವಯಸ್ಸಾಗಿದೆ. ಸ್ವಲ್ಪ ಉಬ್ಬಸವೂ ಇದೆ. ಮೊದಲಿನಂತೆ ಇಡೀ ಸಾಲನ್ನು ಒಂದೇ ಉಸಿರಿಗೆ ಹಾಡಲಾಗದು. ಕಿರಿಯರು ಮುಜುಗರಪಡುತ್ತಾರೆ. ‘ಅಮ್ಮಾ, ನೀವು ಇನ್ನು ಕೆಳಗೆ ಜನರ ಜೊತೆ ಕುಳಿತುಕೊಳ್ಳಿ’ ಎಂದು ಯಾರೋ ಹೇಳುತ್ತಾರೆ. ಅವರು ಮರುಮಾತಾಡದೆ ಪುಸ್ತಕ ಮುಚ್ಚುತ್ತಾರೆ. ಇಂಥ ಘಟನೆ ಒಂದೂರಿನದಲ್ಲ. ಇಲ್ಲಿ ನ್ಯಾಯ ಯಾವುದು? ಆರಾಧನೆ ಸುಂದರವಾಗಿರಬೇಕೆಂಬುದು ನ್ಯಾಯವೇ. ಆಕೆಗೆ ಹಾಡುವ ಹಕ್ಕಿದೆಯೆಂಬುದೂ ನ್ಯಾಯವೇ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸುಲಭ. ಬರಿಯ ಕನಿಕರದಿಂದ ಈ ಸಮಸ್ಯೆ ಬಗೆಹರಿಯದು. ಆ ಕನಿಕರವನ್ನು ಆಕೆಯೇ ಒಪ್ಪಲಾರರು.

ಸಮೂಹ ಗಾಯನದ ವಿದ್ಯೆಯಲ್ಲಿಯೇ ಇದಕ್ಕೆ ಉತ್ತರವಿದೆ. ಯಾವ ಒಬ್ಬ ಮನುಷ್ಯನೂ ಒಂದೇ ಉಸಿರಿಗೆ ಹಾಡಲಾರದಷ್ಟು ದೀರ್ಘವಾದ ಸಾಲುಗಳನ್ನು ಗಾಯನವೃಂದಗಳು ತಡೆಯಿಲ್ಲದೆ ಹಾಡುತ್ತವೆ. ಹೇಗೆ? ಎಲ್ಲರೂ ಒಟ್ಟಿಗೆ ಉಸಿರೆಳೆಯುವುದಿಲ್ಲ; ಸರದಿಯ ಮೇಲೆ ಎಳೆಯುತ್ತಾರೆ. ಅದಕ್ಕೆ ಕೆಲವು ನಿಯಮಗಳಿವೆ. ಪಕ್ಕದವರು ಉಸಿರೆಳೆಯುವಾಗ ನೀನು ಎಳೆಯಬೇಡ. ಪದದ ಕೊನೆಗೆ ಎಲ್ಲರೂ ನಿಲ್ಲುವಲ್ಲಿ ನಿಲ್ಲದೆ, ದೀರ್ಘಸ್ವರದ ನಡುವೆ ಮೆಲ್ಲಗೆ ಹೊರಗೆ ಬಾ. ಸಾಕಷ್ಟು ಉಸಿರಾಡಿಕೋ, ಅವಸರ ಬೇಡ. ಮರಳಿ ಸೇರುವಾಗ ದನಿ ಎತ್ತದೆ, ಬಂದದ್ದು ತಿಳಿಯದಂತೆ ಸೇರು. ಈ ನಿಯಮಗಳನ್ನು ಪಾಲಿಸಬೇಕಾದರೆ ಪಕ್ಕದವರ ಉಸಿರನ್ನು ನಮ್ಮ ಉಸಿರಿಗಿಂತ ಹೆಚ್ಚಾಗಿ ಆಲಿಸಬೇಕಾಗುತ್ತದೆ. ಜನರಿಗೆ ಕೇಳಿಸುವುದು ಎಲ್ಲಿಯೂ ಕಡಿಯದ ಒಂದೇ ಹಾಡು. ಒಳಗೆ ಇರುವವರಿಗೆ ಮಾತ್ರ ಗೊತ್ತು, ಅಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಕಡೆ ನಿಂತಿದ್ದಾರೆ, ಪ್ರತಿಯೊಬ್ಬರನ್ನೂ ಉಳಿದವರು ಹೊತ್ತಿದ್ದಾರೆ.

ಇಂಥ ವೃಂದದಲ್ಲಿ ಆ ತಾಯಿಗೆ ಜಾಗವಿದೆ. ಅವರು ಮೂರು ಬಾರಿ ಉಸಿರೆಳೆಯುವಲ್ಲಿ ಹದಿನೆಂಟರ ಹುಡುಗಿ ಒಮ್ಮೆ ಎಳೆಯುತ್ತಾಳೆ, ಅಷ್ಟೇ ವ್ಯತ್ಯಾಸ. ಒಬ್ಬರೇ ಹಾಡಬೇಕಾದ ಕೀರ್ತನೆಯನ್ನು ಅವರಿಗೆ ಒಪ್ಪಿಸಲಾಗದು. ಅದನ್ನು ಅವರೂ ಬಯಸುವುದಿಲ್ಲ. ಎಲ್ಲರ ಪಾತ್ರವೂ ಒಂದೇ ಆಗಬೇಕಿಲ್ಲ, ಎಲ್ಲರಿಗೂ ಪಾತ್ರವಿರಬೇಕು. ಉಸಿರಿನ ಸಾಧನೆ ಮಾಡಿದ ವೃಂದ ಮಾತ್ರ ಉಸಿರು ಕಡಿಮೆಯಾದವರನ್ನು ಹೊರಬಲ್ಲದೆಂಬುದು ಇಲ್ಲಿನ ಸ್ವಾರಸ್ಯ. ಸಾಧನೆಯಿಲ್ಲದ ಕಡೆ ಎಲ್ಲರೂ ಒಂದೇ ಜಾಗದಲ್ಲಿ ಏದುಸಿರು ಬಿಡುತ್ತಾರೆ. ಅಲ್ಲಿ ಯಾರು ಯಾರನ್ನು ಹೊತ್ತಾರು? ಹೀಗೆ ನೋಡಿದಾಗ ಬಲಶಾಲಿಯ ಅಭ್ಯಾಸ ಬಲಹೀನನ ಪಾಲಿನ ಆಸರೆ. ಉದ್ದದ ಉಸಿರು ಇರುವವರಿಗೆ ಅದು ಇರುವುದು ಮೆರೆಯಲಿಕ್ಕಲ್ಲ, ಇನ್ನೊಬ್ಬರು ಉಸಿರಾಡಿಕೊಳ್ಳುವವರೆಗೆ ಹಾಡನ್ನು ಎತ್ತಿಹಿಡಿಯಲಿಕ್ಕೆ.

ಉಸಿರು ಒಬ್ಬರ ಸೊತ್ತಲ್ಲವೆಂಬುದನ್ನು ನಮ್ಮ ಕಾಲ ಇನ್ನೊಂದು ಕಠಿಣ ರೀತಿಯಲ್ಲಿಯೂ ಕಲಿತಿದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಗಾಯನವೃಂದವೊಂದು ಎರಡೂವರೆ ತಾಸು ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಮಂದಿ. ಅವರಲ್ಲೊಬ್ಬರಿಗೆ ಕೋವಿಡ್ ಸೋಂಕಿತ್ತು. ಅಲ್ಲಿದ್ದವರಲ್ಲಿ ಖಚಿತವಾದವರೂ ಸಂಭಾವ್ಯರೂ ಸೇರಿ ಒಟ್ಟು 53 ಮಂದಿಗೆ ಕಾಯಿಲೆ ತಗುಲಿತೆಂದು ಆರೋಗ್ಯಾಧಿಕಾರಿಗಳು ಲೆಕ್ಕಹಾಕಿದರು, ಇಬ್ಬರು ಮರಣಹೊಂದಿದರು. ಆಳವಾದ ಉಸಿರು, ದೀರ್ಘವಾದ ದನಿ, ಹತ್ತಿರದ ಒಡನಾಟ ಎಂಬ ಗಾಯನದ ಗುಣಗಳೇ ಅಂದು ಕೇಡಿಗೆ ದಾರಿಯಾದವು. ಅದು ಅವರ ಅಪರಾಧವಲ್ಲ; ಸೋಂಕು ಹೇಗೆ ಹರಡುತ್ತದೆಂಬುದು ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ಆ ಬಳಿಕ ಜಗತ್ತಿನಾದ್ಯಂತ ಗಾಯನವೃಂದಗಳು ತಿಂಗಳುಗಟ್ಟಲೆ ಮೌನವಾದವು. ಉಸಿರನ್ನು ಬಿಡುವುದು ಹೇಗೆ ಪ್ರೀತಿಯ ಕ್ರಿಯೆಯೋ ಹಾಗೆಯೇ ತಡೆಹಿಡಿಯುವುದೂ ಪ್ರೀತಿಯ ಕ್ರಿಯೆಯಾಗಬಲ್ಲದೆಂದು ಆ ಮೌನ ತೋರಿಸಿತು. ನಾನು ಹೊರಬಿಟ್ಟದ್ದನ್ನು ನನ್ನ ನೆರೆಯವನು ಒಳಗೆಳೆಯುತ್ತಾನೆ. ಶೀತ ಜ್ವರ ಬಂದಾಗ ಅಭ್ಯಾಸಕ್ಕೆ ಬಾರದೆ ಮನೆಯಲ್ಲಿ ಉಳಿಯುವ ಗಾಯಕ ಅಂದು ಗಾಯನವೃಂದಕ್ಕೆ ತನ್ನ ಪಾಲಿನ ಸೇವೆಯನ್ನು ಸಲ್ಲಿಸಿದ್ದಾನೆ.

ಕಡೆಯ ಮಾತು

ಹಾಡುವವರ ಉಸಿರು ಯಾರದು? ಅದು ನಮಗೆ ಕೊಟ್ಟದ್ದು. ಆದ್ದರಿಂದ ಅದರ ಮೇಲೆ ನಮಗೆ ಯಜಮಾನಿಕೆಯಿಲ್ಲ. ಅದು ನಮ್ಮ ಕೈಗೆ ಒಪ್ಪಿಸಿದ್ದು. ಆದ್ದರಿಂದ ಅದನ್ನು ಅಲಕ್ಷಿಸುವ ಹಕ್ಕೂ ನಮಗಿಲ್ಲ. ಅದು ಕೇಳುವವರಿಗೂ ಪಕ್ಕದವರಿಗೂ ಸಲ್ಲಬೇಕಾದದ್ದು; ಆದ್ದರಿಂದ ಅದರ ಲೆಕ್ಕವನ್ನು ನಾವು ಅವರಿಗೆ ಒಪ್ಪಿಸಬೇಕು. ಗುರುವಾಗಿ ಅನೇಕರ ಮರಣಶಯ್ಯೆಯ ಬಳಿ ನಾನು ನಿಂತಿದ್ದೇನೆ. ಅಲ್ಲಿ ಉಸಿರು ಉದ್ದವೋ ಗಿಡ್ಡವೋ ಎಂದು ಯಾರೂ ಕೇಳುವುದಿಲ್ಲ. ಸುತ್ತ ನಿಂತವರು ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಾರೆ. ಮಲಗಿದವರ ತುಟಿ ಒಂದೆರಡು ಪದಗಳಿಗೆ ಜೊತೆಗೂಡಿ ನಿಲ್ಲುತ್ತದೆ. ಉಳಿದ ಸಾಲನ್ನು ಇತರರು ಮುಗಿಸುತ್ತಾರೆ. ಸರದಿಯ ಉಸಿರು ಎಂದರೆ ಅದೇ.

ಬರುವ ಭಾನುವಾರದ ಅಭ್ಯಾಸಕ್ಕೆ ಹೋಗುವ ಗಾಯಕರಲ್ಲಿ ನನ್ನ ಬಿನ್ನಹ ಇಷ್ಟೇ. ರಾಗ ಎತ್ತುವ ಮೊದಲು ಹತ್ತು ನಿಮಿಷ ಭುಜ ಸಡಿಲಿಸಿ ನಿಂತು, ಉಸಿರನ್ನು ಮೆಲ್ಲಗೆ ಬಿಡುವುದನ್ನು ಕಲಿಯಿರಿ. ಪದಗಳ ಕೊನೆಯ ಅಕ್ಷರ ಎಲ್ಲಿ ಬರುತ್ತದೆಂದು ಗುರುತು ಹಾಕಿಕೊಳ್ಳಿ. ಎಡಕ್ಕೂ ಬಲಕ್ಕೂ ನಿಂತವರು ಎಲ್ಲಿ ಉಸಿರೆಳೆಯುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಪುಸ್ತಕ ಮುಚ್ಚಿ ಕೆಳಗೆ ಕುಳಿತ ಆ ತಾಯಿ ನಿಮ್ಮ ಊರಿನಲ್ಲಿಯೂ ಇದ್ದರೆ, ಅವರನ್ನು ಮತ್ತೆ ಮೇಲಕ್ಕೆ ಕರೆಯಿರಿ.